ಪ್ರಿಂಟರಿಗೂ ಒಂದು ಸ್ವಂತ ವಿಳಾಸ ಇರಲಿ

ತುಂಬಾ ದಿನವಾಯ್ತು ಇಲ್ಲಿ ಬರೆದು. ಕೆಲಸ, ಓಡಾಟ, ಜೊತೆಗೊಂದಿಷ್ಟು ಸೋಮಾರಿತನ... ಯಾವುದರ ಪಾಲು ಎಷ್ಟು ಅಂತ ಮಾತ್ರ ಕೇಳಬೇಡಿ :-)

ಇವತ್ತು ಬರೆಯೋಕೆ ಕೂತಿರೋದು ಆಫೀಸಿನ ಮೂಲೆಯಲ್ಲಿರುವ ಪ್ರಿಂಟರಿನ ಬಗ್ಗೆ. "ಅದರ ಬಗ್ಗೆ ಬರೆಯೋದೇನಿದೆ ಮಾರಾಯ, ಕೇಬಲ್ ಹಾಕಿದರೆ ಆಯ್ತಲ್ಲ" ಅಂತೀರೇನೋ. ನಾನೂ ಹಾಗೇ ಅಂದುಕೊಂಡಿದ್ದೆ, ಸುಮಾರು ಏಳು ವರ್ಷ. ಈಗ ನನ್ನ ಅಭಿಪ್ರಾಯ ಬೇರೆ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನಾಲ್ಕು ಜನ ಕೆಲಸ ಮಾಡುವ ಯಾವ ಆಫೀಸಿನಲ್ಲೂ ಎಲ್ಲರೂ ಬಳಸುವ ಪ್ರಿಂಟರನ್ನ ಒಬ್ಬರ ಕಂಪ್ಯೂಟರಿನ ಬಾಲಕ್ಕೆ ಕಟ್ಟಬಾರದು. ಅದಕ್ಕೆ ನೆಟ್‌ವರ್ಕಿನಲ್ಲಿ ಸ್ವಂತದ್ದೊಂದು ವಿಳಾಸ ಇರಬೇಕು. ಆ ವಿಳಾಸ 'ಕಂಪ್ಯೂಟರ್ ಗೊತ್ತಿರೋ' ಒಬ್ಬನಿಗೆ ಮಾತ್ರ ಅಲ್ಲ, ಅಲ್ಲಿ ಕೂತು ಕೆಲಸ ಮಾಡುವ ಎಲ್ಲರಿಗೂ ಗೊತ್ತಿರಬೇಕು.

ಆ 'ಕಂಪ್ಯೂಟರ್ ಗೊತ್ತಿರೋ' ಒಬ್ಬ ಯಾರು ಅಂತೀರಾ? ನಾನೇ.

ನಾನು ಕಂಪ್ಯೂಟರ್ ರಿಪೇರಿ ಓದಿದವನಲ್ಲ. ತಪ್ಪು ಮಾಡಿ, ಮತ್ತೆ ಸರಿಮಾಡಿ, ಹಾಗೇ ಕಲಿತವನು. ಮಲೆನಾಡಿನ ನಮ್ಮೂರಿನಂಥ ಊರಲ್ಲಿ ಅಷ್ಟಿದ್ದರೆ ಸಾಕು, ಜನ ಕರೆಯುತ್ತಾರೆ. ಶಾಲೆಗೆ, ಅಡಿಕೆ ಮಂಡಿಗೆ, ಪರಿಚಯದ ವಕೀಲರ ಮನೆಗೆ. ಹಾಗೇ ಊರ ಹತ್ತಿರದ ಒಂದು ಸಹಕಾರ ಸಂಘಕ್ಕೂ ಹೋಗಿದ್ದೆ. 2016ರಲ್ಲಿ ಅವರು ಹೊಸ ಲೇಸರ್ ಪ್ರಿಂಟರ್ ತಂದಿದ್ದರು. ಅಲ್ಲಿದ್ದದ್ದು ಐದು ಕಂಪ್ಯೂಟರ್. ಹೆಚ್ಚು ಪ್ರಿಂಟ್ ತೆಗೆಯೋದು ಕ್ಯಾಷ್ ಕೌಂಟರಿನಲ್ಲಿ ಅಂತ ಕ್ಯಾಷಿಯರ್ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಸಿಕ್ಕಿಸಿದೆ. ಕ್ಯಾಬಿನ್ನಿನ ಜಾಲರಿಯಿಂದ ಕೇಬಲ್ ಹೊರತಂದು ಪ್ರಿಂಟರನ್ನ ಹೊರಗೆ ಸ್ಟೂಲಿನ ಮೇಲಿಟ್ಟೆ. ವಿಂಡೋಸಿನಲ್ಲಿ 'ಷೇರ್' ಒತ್ತಿ ಉಳಿದ ನಾಲ್ಕು ಕಂಪ್ಯೂಟರಿಗೂ ಕೊಟ್ಟೆ. ಅರ್ಧ ಗಂಟೆಯ ಕೆಲಸ. ಹೊರಡುವಾಗ ಎಲ್ಲರಿಗೂ ಒಂದು ಮಾತು ಹೇಳಿದ್ದೆ: "ಈ ಕೇಬಲ್ಲುಗಳನ್ನ ಯಾರೂ ಮುಟ್ಟಬೇಡಿ. ಏನಾದರೂ ಆದರೆ ನಂಗೆ ಫೋನ್ ಮಾಡಿ."

ಈ ಕೊನೆಯ ಮಾತನ್ನ ನೆನಪಿಟ್ಟುಕೊಳ್ಳಿ.

2023ರ ಮಾರ್ಚ್ ತಿಂಗಳು. ಸಹಕಾರ ಸಂಘಗಳಲ್ಲಿ ಮಾರ್ಚ್ ಅಂದರೆ ಏನು ಅಂತ ಊರಲ್ಲಿರೋರಿಗೆ ಗೊತ್ತು. ಗಡುವಿನೊಳಗೆ ಬೆಳೆಸಾಲ ಕಟ್ಟದಿದ್ದರೆ ಬಡ್ಡಿ ರಿಯಾಯಿತಿ ತಪ್ಪುತ್ತದೆ, ಹಾಗಾಗಿ ಜಾತ್ರೆಯಷ್ಟು ಜನ. ಆ ದಿನ ಕ್ಯಾಷಿಯರ್ ಮಗಳ ನಿಶ್ಚಿತಾರ್ಥ ಅಂತ ರಜೆ. ಅವರ ಕ್ಯಾಬಿನ್ನಿಗೆ ಬೀಗ, ಒಳಗೆ ಕಂಪ್ಯೂಟರ್ ಆಫ್. ಹಣದ ವ್ಯವಹಾರವನ್ನೆಲ್ಲ ಸೆಕ್ರೆಟರಿ ತಮ್ಮ ಮೇಜಿನಲ್ಲೇ ನೋಡಿಕೊಂಡರಂತೆ. ರಶೀದಿ ಕೈಯಲ್ಲೇ ಬರೆದುಕೊಟ್ಟರು. ಆದರೆ ಪ್ರಿಂಟ್ ಮಾತ್ರ ಯಾವ ಕಂಪ್ಯೂಟರಿನಿಂದ ಕೊಟ್ಟರೂ ಬರಲಿಲ್ಲ. 'ಪ್ರಿಂಟರ್ ಆಫ್‌ಲೈನ್' ಅನ್ನುವ ಉತ್ತರ.

ಅಲ್ಲೊಬ್ಬ ಅಜ್ಜಿ ಬಂದಿದ್ದರು. ಎರಡು ಬಸ್ಸು ಬದಲಾಯಿಸಿ. ಮೊಮ್ಮಗನ ಓದಿನ ಸಾಲಕ್ಕೆ ಪೇಟೆಯ ಬ್ಯಾಂಕಿನವರು ಸಂಘದಿಂದ ಬೇಬಾಕಿ ಪತ್ರ ಕೇಳಿದ್ದರು, ಅವತ್ತೇ ಸಾಯಂಕಾಲದೊಳಗೆ. ಕೈಬರಹದ್ದು ಆಗಲ್ಲ, ಕಂಪ್ಯೂಟರಿನದೇ ಬೇಕು ಅಂದಿದ್ದರಂತೆ. ಪತ್ರ ಸಿದ್ಧವಾಗಿ ಸ್ಕ್ರೀನಿನ ಮೇಲೆ ಕಾಣುತ್ತಿದೆ. ಪ್ರಿಂಟರಿನಲ್ಲಿ ಕಾಗದ ಇದೆ, ಟೋನರ್ ಇದೆ, ಹಸಿರು ದೀಪ ಉರಿಯುತ್ತಿದೆ. ನನಗೆ ಹತ್ತು ಸಲ ಫೋನ್ ಮಾಡಿದ್ದಾರೆ. ನಾನು ಘಟ್ಟ ಇಳಿಯುವ ಬಸ್ಸಿನಲ್ಲಿ, ಸಿಗ್ನಲ್ ಇಲ್ಲ. ಅಜ್ಜಿ ಕೊನೆಗೆ ಪ್ರಿಂಟರನ್ನೇ ನೋಡುತ್ತಾ "ಮಿಷನ್ನು ಚೆನ್ನಾಗೇ ಇದೆಯಲ್ಲ ಮಗಾ, ದೀಪ ಉರೀತಾ ಇದೆ" ಅಂದರಂತೆ. ಮೂರೂವರೆ ಬಸ್ಸಿಗೆ ಬರಿಗೈಯಲ್ಲಿ ಹೋದರು. ಮಾರನೇ ದಿನ ಮತ್ತೆ ಎರಡು ಬಸ್ಸು, ಮತ್ತೆ ಒಂದು ದಿನದ ಕೂಲಿ ಹೋಯ್ತು. ಬ್ಯಾಂಕಿನವರು ಒಂದು ದಿನ ತಡೆದುಕೊಂಡರು ಅನ್ನೋದೇ ಪುಣ್ಯ.

ಎರಡು ದಿನದ ನಂತರ ಹೋದಾಗ ಇದೆಲ್ಲ ಕೇಳಿದೆ. ಅಜ್ಜಿ ಹೇಳಿದ್ದೇ ಸರಿ, ಮಿಷನ್ನು ಚೆನ್ನಾಗೇ ಇತ್ತು. ಬೀರುವಿನಲ್ಲಿ ಹಳೆಯ ಪ್ರಿಂಟರಿನ ಯುಎಸ್‌ಬಿ ಕೇಬಲ್ಲೂ ಇತ್ತು. ಅದನ್ನ ತೆಗೆದು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದ್ದರೆ ಹತ್ತು ನಿಮಿಷದಲ್ಲಿ ಪತ್ರ ಅಜ್ಜಿಯ ಕೈಲಿರುತ್ತಿತ್ತು. ಯಾಕೆ ಯಾರೂ ಹಾಕಲಿಲ್ಲ ಅಂತ ಕೇಳಿದರೆ ಡೇಟಾ ಎಂಟ್ರಿ ಮಾಡುವ ಹುಡುಗಿ ಹೇಳಿದಳು: "ನೀವೇ ಮುಟ್ಟಬೇಡಿ ಅಂದಿದ್ರಲ್ಲ ಸಾರ್."

ಇನ್ನೊಂದು ವಿಷಯ. ಪ್ರಿಂಟರ್ ತಿರುಗಿಸಿ ನೋಡಿದರೆ ಹಿಂದುಗಡೆ ನೆಟ್‌ವರ್ಕ್ ಕೇಬಲ್ ಹಾಕುವ ಕಿಂಡಿ. ಅದರ ಮೇಲೆ ಕಂಪನಿಯವರು ಅಂಟಿಸಿದ್ದ ಸ್ಟಿಕ್ಕರ್ ಏಳು ವರ್ಷದಿಂದ ಹಾಗೇ ಇತ್ತು. ಅಂಟಿದ್ದು ಅಂಟಿದ ಹಾಗೆ.

ಇನ್ನು ಪ್ರಿಂಟರ್ ಜೋಡಿಸುವ ದಾರಿಗಳು ಏನೇನಿವೆ, ಯಾವುದು ಎಲ್ಲಿಗೆ ಸರಿ ಅಂತ ನನಗೆ ತಿಳಿದಷ್ಟು ಹೇಳುತ್ತೇನೆ. ಬೇಕಾದರೆ ಜಗಳ ಆಡೋಣ.

ಮೊದಲನೇದು ನೇರ ಕೇಬಲ್. ಹಿಂದೆ 25 ಪಿನ್ನಿನ ದಪ್ಪ ಪ್ಯಾರಲಲ್ ಕೇಬಲ್ ಇತ್ತು. 1996ರಲ್ಲಿ ಯುಎಸ್‌ಬಿ ಬಂದ ಮೇಲೆ ಅದು ನಿಧಾನಕ್ಕೆ ಮೂಲೆ ಸೇರಿತು. ಒಬ್ಬರೇ ಬಳಸುವ ಪ್ರಿಂಟರಿಗೆ ಯುಎಸ್‌ಬಿಯಷ್ಟು ಸುಖ ಇನ್ನೊಂದಿಲ್ಲ. ವಿಳಾಸ ಬೇಡ, ರೌಟರ್ ಬೇಡ. ಪಾಸ್‌ಬುಕ್ ಪ್ರಿಂಟರ್ ಕ್ಯಾಷಿಯರ್ ಪಕ್ಕದಲ್ಲೇ ಇರಬೇಕು, ಅವರಿಗೆ ಮಾತ್ರ ಬೇಕು, ಅದಕ್ಕೆ ಯುಎಸ್‌ಬಿಯೇ ಸರಿ. ಆದರೆ ಕೇಬಲ್ ಐದು ಮೀಟರಿಗಿಂತ ಉದ್ದ ಇರಬಾರದು ಅನ್ನೋದು ಯುಎಸ್‌ಬಿ 2ರ ಮಿತಿ. ಕೋಣೆ ದಾಟುವಷ್ಟರಲ್ಲಿ ಅದರ ಆಯಸ್ಸು ಮುಗಿಯಿತು.

ಎರಡನೇದು ಷೇರಿಂಗ್. ನಾನು ಮಾಡಿದ್ದು ಇದೇ. ಒಂದು ಕಂಪ್ಯೂಟರಿಗೆ ಪ್ರಿಂಟರ್, ಉಳಿದವರೆಲ್ಲ ಆ ಕಂಪ್ಯೂಟರಿನ ಮೂಲಕ. ಖರ್ಚಿಲ್ಲ, ಹಾಗಾಗಿ ನಮ್ಮ ಕಡೆ ಎಲ್ಲ ಆಫೀಸಲ್ಲೂ ಇದೇ. ಆದರೆ ಆ ಒಂದು ಕಂಪ್ಯೂಟರ್ ಆಫ್ ಆದರೆ ಎಲ್ಲರಿಗೂ ಆಫ್. ಅದರ ಹೆಸರು ಬದಲಾದರೆ, ಪಾಸ್‌ವರ್ಡ್ ಬದಲಾದರೆ, ಫಾರ್ಮ್ಯಾಟ್ ಮಾಡಿದರೆ ಮತ್ತೆ ಮೊದಲಿನಿಂದ.

ಅಪ್‌ಡೇಟ್ ಬಂದರೂ ಅಷ್ಟೇ. 2021ರಲ್ಲಿ ವಿಂಡೋಸಿನ ಪ್ರಿಂಟ್ ಸ್ಪೂಲರಿನಲ್ಲಿ ಒಂದರ ಹಿಂದೊಂದು ರಕ್ಷಣೆಯ ದೋಷಗಳು ಹೊರಬಿದ್ದವು. ಜುಲೈ ತಿಂಗಳದ್ದಕ್ಕಂತೂ 'ಪ್ರಿಂಟ್‌ನೈಟ್‌ಮೇರ್' ಅಂತಲೇ ಹೆಸರು. ಆ ಸೆಪ್ಟೆಂಬರಿನ ಅಪ್‌ಡೇಟಿನಲ್ಲಿ ಮೈಕ್ರೋಸಾಫ್ಟಿನವರು ಷೇರಿಂಗ್ ನಿಯಮ ಬಿಗಿ ಮಾಡಿದ್ದೇ ಮಾಡಿದ್ದು, ಎಷ್ಟೋ ಆಫೀಸುಗಳಲ್ಲಿ ಷೇರ್ ಮಾಡಿದ ಪ್ರಿಂಟರುಗಳು 11ಬಿ ಅಂತ ಕೊನೆಯಾಗುವ ಒಂದು ಎರರ್ ತೋರಿಸಿ ಕೈಕೊಟ್ಟವು. ಈ ಸಂಘದಲ್ಲೂ ಹಾಗೇ ಆಯ್ತು. ನಾನೇನು ಮಾಡಿದೆ ಗೊತ್ತಾ? ಆ ಅಪ್‌ಡೇಟನ್ನೇ ಕಿತ್ತುಹಾಕಿದೆ! ಪ್ರಿಂಟ್ ಬಂತು, ಎಲ್ಲರೂ ಶಹಬ್ಬಾಸ್ ಅಂದರು, ಕಾಫಿ ಕೊಟ್ಟರು. ಕಳ್ಳ ಬರದಿರಲಿ ಅಂತ ಹಾಕಿದ್ದ ಚಿಲಕವನ್ನ, ಬಾಗಿಲು ತೆಗೆಯೋಕೆ ಕಷ್ಟ ಅಂತ ಕಿತ್ತಂತೆ ಆಯ್ತದು. ದುಡ್ಡಿನ ಲೆಕ್ಕ ಇರುವ ಜಾಗದಲ್ಲಿ! ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

ಮೂರನೇದು ಪ್ರಿಂಟರನ್ನೇ ನೆಟ್‌ವರ್ಕ್ ಕೇಬಲ್ ಮೂಲಕ ರೌಟರಿಗೋ ಸ್ವಿಚ್ಚಿಗೋ ಜೋಡಿಸೋದು. ಸ್ವಿಚ್ ಅಂದರೆ ಲೈಟಿನ ಸ್ವಿಚ್ಚಲ್ಲ, ಒಂದು ನೆಟ್‌ವರ್ಕ್ ಕೇಬಲ್ಲನ್ನ ಐದೋ ಎಂಟೋ ಆಗಿ ಹಂಚುವ ಪುಟ್ಟ ಡಬ್ಬಿ. ಈ ಕೇಬಲ್ 100 ಮೀಟರ್ ವರೆಗೂ ಎಳೆಯಬಹುದು. ಪ್ರಿಂಟರ್ ಯಾರ ಕಂಪ್ಯೂಟರಿನ ಹಂಗಿನಲ್ಲೂ ಇರಲ್ಲ. ಯಾರು ರಜೆ ಹಾಕಿದರೂ ಅದರ ಪಾಡಿಗೆ ಅದು.

ನಾಲ್ಕನೇದು ವೈಫೈ. ಕೇಬಲ್ ಎಳೆಯೋ ರಗಳೆ ಇಲ್ಲ ಅನ್ನೋದೊಂದೇ ಇದರ ಲಾಭ. ಮನೆಗೆ ಪರವಾಗಿಲ್ಲ, ಆಫೀಸಿಗೆ ನನ್ನ ಓಟು ಕೇಬಲ್ಲಿಗೇ. ನಮ್ಮ ಕಡೆ ಹಳೆಯ ಕಟ್ಟಡಗಳ ಗೋಡೆ ಒಂದೂವರೆ ಅಡಿ ದಪ್ಪ, ಸಿಗ್ನಲ್ ಅತ್ತ ಕಡೆ ತಲುಪೋದೇ ಕಷ್ಟ. ರೌಟರಿನ ಪಾಸ್‌ವರ್ಡ್ ಬದಲಾಯಿಸಿದರೆ ಪ್ರಿಂಟರಿಗೂ ಹೋಗಿ ಹೇಳಬೇಕು. ಎಷ್ಟೋ ಅಗ್ಗದ ಪ್ರಿಂಟರುಗಳಿಗೆ ವೈಫೈಯ 2.4 ಗಿಗಾಹರ್ಟ್ಸ್ ಬ್ಯಾಂಡ್ ಮಾತ್ರ ಕೇಳಿಸುತ್ತೆ, 5 ಗಿಗಾಹರ್ಟ್ಸ್ ಕೇಳಿಸೋದೇ ಇಲ್ಲ. 'ಗೆಸ್ಟ್' ವೈಫೈಗೆ ಸೇರಿಸಿದ್ದರಂತೂ ಅಲ್ಲಿ ಒಬ್ಬರಿಗೊಬ್ಬರು ಕಾಣದ ಹಾಗೆ ಸಾಮಾನ್ಯವಾಗಿ ತಡೆ ಇರುತ್ತೆ. ಎಲ್ಲ ಸರಿ ಇದೆ, ಪ್ರಿಂಟ್ ಮಾತ್ರ ಬರಲ್ಲ.

ಇವುಗಳ ಜೊತೆಗೆ 'ವೈಫೈ ಡೈರೆಕ್ಟ್' ಅಂತೊಂದಿದೆ. ರೌಟರ್ ಇಲ್ಲದೆ ಮೊಬೈಲು ನೇರ ಪ್ರಿಂಟರಿನ ಜೊತೆ ಮಾತಾಡೋದು. ಅಪರೂಪಕ್ಕೆ ಒಂದು ಆಧಾರ್ ಪ್ರತಿ ತೆಗೆಯೋಕೆ ಒಳ್ಳೇದು, ದಿನದ ಕೆಲಸಕ್ಕಲ್ಲ. ಇಂಟರ್ನೆಟ್ಟಿನ ಮೂಲಕ ಪ್ರಿಂಟ್ ಕೊಡುವ ಸೇವೆಗಳೂ ಬಂದವು. ಅದರಲ್ಲಿ ಹೆಸರುವಾಸಿಯಾಗಿದ್ದ ಗೂಗಲ್ ಕ್ಲೌಡ್ ಪ್ರಿಂಟನ್ನ 2020ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿದರು, ನಂಬಿಕೊಂಡವರು ಬೇರೆ ದಾರಿ ಹುಡುಕಬೇಕಾಯ್ತು. ನಿಮ್ಮ ಕಟ್ಟಡದೊಳಗಿನ ಕೇಬಲ್ಲನ್ನ ಹಾಗೆ ಯಾರೂ ಎಲ್ಲೋ ಕೂತು ಮುಚ್ಚಲಾರರು.

ಅಂದಹಾಗೆ ಒಂದು ಮಜಾ ಸಂಗತಿ. ನಾವೆಲ್ಲ ನೆಟ್‌ವರ್ಕ್ ಅಂದರೆ ಕಂಪ್ಯೂಟರುಗಳದ್ದು, ಪ್ರಿಂಟರ್ ಆಮೇಲೆ ಬಂದು ಸೇರಿಕೊಂಡ ನೆಂಟ ಅಂದುಕೊಂಡಿದ್ದೇವೆ. ಇವತ್ತು ಎಲ್ಲ ಆಫೀಸುಗಳಲ್ಲೂ ಇರುವ ಈಥರ್ನೆಟ್ ಹುಟ್ಟಿದ್ದು ಅಮೆರಿಕದ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದಲ್ಲಿ, 1973ರಲ್ಲಿ. ಅದೇ ಸಂಶೋಧನಾಲಯದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಲೇಸರ್ ಪ್ರಿಂಟರ್ ಮಾಡಿದ್ದರು. ಅಲ್ಲಿನ ಕಂಪ್ಯೂಟರುಗಳೆಲ್ಲ ಆ ಒಂದು ಪ್ರಿಂಟರನ್ನ ಹಂಚಿಕೊಳ್ಳಬೇಕಿತ್ತು. ಬಾಬ್ ಮೆಟ್‌ಕಾಫ್ ಈಥರ್ನೆಟ್ ರೂಪಿಸೋಕೆ ಇದೂ ಒಂದು ಮುಖ್ಯ ಕಾರಣ. ಅಂದರೆ ಪ್ರಿಂಟರ್ ಈ ಮನೆಯ ನೆಂಟ ಅಲ್ಲ, ಮೂಲ ಒಕ್ಕಲು! ನಾವು ಅದನ್ನ ಹೊರಗೆ ಸ್ಟೂಲಿನ ಮೇಲೆ ಕೂರಿಸಿದ್ದೇವೆ, ಅಷ್ಟೇ.

ಸರಿ, ನೆಟ್‌ವರ್ಕಿಗೆ ಹಾಕೋಣ ಅಂದರೆ ಜನ ಹೆದರೋದು ಆ ಇಂಗ್ಲಿಷ್ ಶಬ್ದಗಳಿಗೆ. ಆದರೆ ಬೇಕಾಗೋದು ಏಳೆಂಟೇ. ಸಂಘದ ಹುಡುಗಿಗೆ ನಾನು ಹೇಳಿಕೊಟ್ಟಿದ್ದನ್ನೇ ಇಲ್ಲೂ ಹೇಳುತ್ತೇನೆ.

ಐಪಿ ವಿಳಾಸ. ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಇರುವ ಮನೆ ನಂಬರು. ನಾಲ್ಕು ಅಂಕಿಗಳು, ನಡುವೆ ಚುಕ್ಕಿ, ಪ್ರತಿಯೊಂದೂ 0ಯಿಂದ 255ರೊಳಗೆ. ಆಫೀಸಿನೊಳಗೆ ಹೆಚ್ಚಾಗಿ 192.168 ಅಂತ ಶುರುವಾಗುತ್ತೆ. ಇಂಥ ಕೆಲವು ಸಾಲುಗಳನ್ನ ಒಳಗಿನ ಬಳಕೆಗೆಂದೇ ಬಿಟ್ಟಿದ್ದಾರೆ. ಎಲ್ಲ ಊರಲ್ಲೂ ಒಂದು 'ಮೇಲಿನಕೇರಿ' ಇರೋ ಹಾಗೆ ಎಲ್ಲ ಆಫೀಸಲ್ಲೂ ಅದೇ ನಂಬರು ಇರಬಹುದು, ಗಲಿಬಿಲಿ ಆಗಲ್ಲ.

ಸಬ್‌ನೆಟ್ ಮಾಸ್ಕ್. ನಮ್ಮ ಕೇರಿ ಎಲ್ಲಿಂದ ಎಲ್ಲಿವರೆಗೆ ಅಂತ ಹೇಳೋದು. 255.255.255.0 ಅಂತಿದ್ದರೆ ಮೊದಲ ಮೂರು ಅಂಕಿ ಒಂದೇ ಆಗಿರುವವರೆಲ್ಲ ಒಂದೇ ಕೇರಿ, 254 ಮನೆಗಳಿಗೆ ಜಾಗ. ಕಂಪ್ಯೂಟರ್ 192.168.1ರಲ್ಲೂ ಪ್ರಿಂಟರ್ 192.168.0ಯಲ್ಲೂ ಇದ್ದರೆ ಅವು ಬೇರೆ ಬೇರೆ ಕೇರಿಯವು, ನೇರ ಮಾತುಕತೆ ಇಲ್ಲ.

ಗೇಟ್‌ವೇ. ಕೇರಿಯಿಂದ ಹೊರಗೆ, ಅಂದರೆ ಇಂಟರ್ನೆಟ್ಟಿಗೆ ಹೋಗುವ ಬಾಗಿಲು. ಸಾಮಾನ್ಯವಾಗಿ ಅದು ರೌಟರಿನ ನಂಬರು. ಇಲ್ಲೊಂದು ತಪ್ಪು ತಿಳುವಳಿಕೆ ಹೋಗಬೇಕು. ಒಂದೇ ಕೇರಿಯೊಳಗೆ ಪ್ರಿಂಟ್ ಕೊಡೋಕೆ ಈ ಬಾಗಿಲು ದಾಟಬೇಕಿಲ್ಲ. "ನೆಟ್ ಹೋಗಿದೆ, ಪ್ರಿಂಟ್ ಬರಲ್ಲ" ಅಂತ ಜನರನ್ನ ವಾಪಸ್ ಕಳಿಸೋದನ್ನ ನಾನೇ ನೋಡಿದ್ದೇನೆ. ಇಂಟರ್ನೆಟ್ ಇಲ್ಲದಿದ್ದರೂ ರೌಟರಿಗೆ ಕರೆಂಟ್ ಇದ್ದರೆ ಸಾಕು, ಪತ್ರ ಕಂಪ್ಯೂಟರಿನಲ್ಲೇ ಇದ್ದರೆ ಪ್ರಿಂಟ್ ಬರುತ್ತೆ.

ಡಿಎಚ್‌ಸಿಪಿ. ಹೆಸರು ಕೇಳಿ ಗಾಬರಿ ಆಗಬೇಡಿ, ಇವನು ರೌಟರಿನೊಳಗಿರುವ ಲಾಡ್ಜ್ ಮ್ಯಾನೇಜರ್. ಬಂದವರಿಗೆಲ್ಲ ಖಾಲಿ ಇರುವ ರೂಮಿನ ಬೀಗದಕೈ ಕೊಡುತ್ತಾನೆ, ಇಂತಿಷ್ಟು ಹೊತ್ತಿಗೆ ಅಂತ. ಮೊಬೈಲುಗಳಿಗೆ ಇದು ಬಹಳ ಅನುಕೂಲ. ಪ್ರಿಂಟರಿಗೆ ಮಾತ್ರ ಅಪಾಯ. ಯಾಕೆಂದರೆ ಮಲೆನಾಡಲ್ಲಿ ಕರೆಂಟು ಹೋಗೋದು ಬರೋದು ನಿಮಗೆ ಗೊತ್ತೇ ಇದೆ. ಕರೆಂಟು ಹೋದರೆ ಎಷ್ಟೋ ಅಗ್ಗದ ರೌಟರುಗಳು ಯಾರಿಗೆ ಯಾವ ರೂಮು ಕೊಟ್ಟಿದ್ದೆ ಅನ್ನೋದನ್ನ ಮರೆತುಬಿಡುತ್ತವೆ. ಮತ್ತೆ ಬಂದಾಗ ಯಾರದೋ ಮೊಬೈಲು ಮೊದಲು ನುಗ್ಗಿ ಪ್ರಿಂಟರಿನ ರೂಮು ಹಿಡಿದುಕೊಳ್ಳುತ್ತೆ. ಪ್ರಿಂಟರಿಗೆ ಬೇರೆ ರೂಮು. ಕಂಪ್ಯೂಟರುಗಳು ಹಳೆಯ ರೂಮಿನ ಬಾಗಿಲನ್ನೇ ತಟ್ಟುತ್ತಾ ಇರುತ್ತವೆ... "ನಿನ್ನೆ ಸರಿಯಿತ್ತು, ಇವತ್ತು ಆಫ್‌ಲೈನ್" ಅನ್ನುವ ಎಷ್ಟೋ ದೂರುಗಳ ಮೂಲ ಇಷ್ಟೇ.

ಪರಿಹಾರ ಸುಲಭ. ಪ್ರಿಂಟರಿಗೆ ಕಾಯಂ ನಂಬರು ಕೊಡೋದು. ಪ್ರಿಂಟರಿನಲ್ಲೇ ಬರೆದಿಟ್ಟರೆ ಅದು 'ಸ್ಟ್ಯಾಟಿಕ್'. ಆದರೆ ಆ ನಂಬರು ಮ್ಯಾನೇಜರ್ ಹಂಚುವ ಪಟ್ಟಿಯ ಹೊರಗಿರಬೇಕು, ಇಲ್ಲದಿದ್ದರೆ ಒಂದೇ ರೂಮಿಗೆ ಇಬ್ಬರಾಗುತ್ತಾರೆ. ನನಗೆ ಇಷ್ಟ ಇನ್ನೊಂದು ದಾರಿ, 'ರಿಸರ್ವೇಶನ್'. ಈ ಗಿರಾಕಿ ಬಂದರೆ ಇದೇ ರೂಮು ಕೊಡು ಅಂತ ರೌಟರಿಗೇ ಹೇಳಿಡೋದು. ಗಿರಾಕಿಯನ್ನ ಗುರುತಿಸೋದು ಮ್ಯಾಕ್ ವಿಳಾಸದಿಂದ. ಅದು ಯಂತ್ರದ ಹುಟ್ಟುಮಚ್ಚೆ ಇದ್ದ ಹಾಗೆ, ತಯಾರಿಸುವಾಗಲೇ ಕೊಟ್ಟ 12 ಅಕ್ಷರ-ಅಂಕಿಗಳ ಗುರುತು. ಪ್ರಿಂಟರಿನ ಹಿಂದಿನ ಚೀಟಿಯಲ್ಲೋ, ಅದರಿಂದ ತೆಗೆಯಬಹುದಾದ ನೆಟ್‌ವರ್ಕ್ ಪುಟದಲ್ಲೋ ಇರುತ್ತೆ.

169.254. ಇದೊಂದು ನಂಬರನ್ನ ಬಾಯಿಪಾಠ ಮಾಡಿ. ಪ್ರಿಂಟರಿನ ವಿಳಾಸ ಹೀಗೆ ಶುರುವಾಗಿದ್ದರೆ "ನನಗೆ ಯಾರೂ ರೂಮು ಕೊಡಲಿಲ್ಲ, ನಾನೇ ಜಗಲಿಯಲ್ಲಿ ಮಲಗಿದ್ದೇನೆ" ಅಂತ ಅರ್ಥ. ಪ್ರಿಂಟರ್ ಕೆಟ್ಟಿಲ್ಲ. ರೌಟರಿನವರೆಗೆ ದಾರಿ ಇಲ್ಲ, ಕೇಬಲ್ ನೋಡಿ, ರೌಟರ್ ನೋಡಿ.

ಪೋರ್ಟ್. ಮನೆ ನಂಬರು ಸಿಕ್ಕಿದ ಮೇಲೆ ಯಾವ ಕೌಂಟರಿಗೆ ಹೋಗಬೇಕು ಅನ್ನೋದು. ಆಫೀಸ್ ಪ್ರಿಂಟರುಗಳು ಹೆಚ್ಚಾಗಿ 9100ನೇ ಕೌಂಟರಿನಲ್ಲಿ ಕೆಲಸ ತೆಗೆದುಕೊಳ್ಳುತ್ತವೆ. ಹಳೆಯ ಎಲ್‌ಪಿಆರ್ ಪದ್ಧತಿಗೆ 515, ಈಚಿನ ಐಪಿಪಿಗೆ 631. ವಿಂಡೋಸಿನಲ್ಲಿ ಪ್ರಿಂಟರ್ ಸೇರಿಸುವಾಗ ತಾನಾಗಿ ಹುಡುಕೋಕೆ ಬಿಟ್ಟರೆ ಎಷ್ಟೋ ಸಲ 'ಡಬ್ಲ್ಯುಎಸ್‌ಡಿ' ಅನ್ನುವ ಪೋರ್ಟ್ ಹಾಕಿಕೊಳ್ಳುತ್ತೆ. ನನ್ನ ಅನುಭವದಲ್ಲಿ ಅದು ಪದೇ ಪದೇ ಆಫ್‌ಲೈನ್ ಅನ್ನುತ್ತೆ. ಅದರ ಬದಲು 'ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್' ಆರಿಸಿ ಐಪಿ ವಿಳಾಸ ಕೈಯಾರೆ ಬರೆಯಿರಿ. ಎರಡು ನಿಮಿಷ ಹೆಚ್ಚು ಹಿಡಿಯುತ್ತೆ, ಅಷ್ಟೇ.

ಡ್ರೈವರ್ ಮತ್ತು ಸ್ಪೂಲರ್. ಡ್ರೈವರ್ ದುಭಾಷಿ, ಕಂಪ್ಯೂಟರಿನ ಮಾತನ್ನ ಪ್ರಿಂಟರಿನ ಮಾತಿಗೆ ತಿರುಗಿಸುವವನು. ಸ್ಪೂಲರ್ ಅಂದರೆ ಪಡಿತರ ಅಂಗಡಿಯ ಸರತಿ ನೋಡಿಕೊಳ್ಳುವವನು. ಮುಂದಿರುವ ಒಬ್ಬ ಸಿಕ್ಕಿಕೊಂಡರೆ ಹಿಂದಿನವರೆಲ್ಲ ನಿಂತಲ್ಲೇ. ಆಗ ಸಿಕ್ಕಿಕೊಂಡ ಕೆಲಸವನ್ನ ರದ್ದು ಮಾಡಬೇಕು, ಮತ್ತೆ ಮತ್ತೆ ಪ್ರಿಂಟ್ ಒತ್ತುತ್ತಾ ಹೋದರೆ ಸರತಿ ಇನ್ನೂ ಉದ್ದ ಆಗುತ್ತೆ. ಸರಿಯಾದಾಗ ಒಂದೇ ಪತ್ರ ಹನ್ನೆರಡು ಪ್ರತಿ ಬರುತ್ತೆ :-)

ಕೊನೆಯದು ಪಿಂಗ್. "ಮನೇಲಿದ್ದೀರಾ?" ಅಂತ ಕೂಗೋದು. ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಅಂತ ಬರೆದು ಪ್ರಿಂಟರಿನ ವಿಳಾಸ ಕೊಟ್ಟರೆ, ಅದೇ ವಿಳಾಸದಿಂದ ಉತ್ತರ ಬಂದರೆ ದಾರಿ ಸರಿ ಇದೆ, ತೊಂದರೆ ಕಂಪ್ಯೂಟರಿನ ಕಡೆ. ಉತ್ತರ ಬರದಿದ್ದರೆ ಪ್ರಿಂಟರಿನ ಹತ್ತಿರ ಹೋಗಿ ಅದರ ವಿಳಾಸ, ಕೇಬಲ್ ನೋಡಬೇಕು. ಅರ್ಧ ನಿಮಿಷದಲ್ಲಿ ಕಾಯಿಲೆ ಯಾವ ಕಡೆ ಅಂತ ಗೊತ್ತಾಗುತ್ತೆ.

ಇಷ್ಟೇ ಸ್ವಾಮಿ. ಇದರಲ್ಲಿ ಇಂಜಿನಿಯರ್ ಮಾತ್ರ ಅರ್ಥ ಮಾಡಿಕೊಳ್ಳಬಲ್ಲದ್ದು ಏನಿದೆ? ಅಡಿಕೆಯ ಹತ್ತು ಥರದ ದರ ನೆನಪಿಟ್ಟುಕೊಳ್ಳುವ ಗುಮಾಸ್ತರಿಗೆ ಇದು ಕಷ್ಟವೇ? ಖಂಡಿತ ಅಲ್ಲ. ಅವರಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. "ಅದೆಲ್ಲ ನಿಮಗೆ ಗೊತ್ತಾಗಲ್ಲ, ಬಿಡಿ" ಅನ್ನೋದರಲ್ಲಿ ಒಂದು ಸುಖ ಇದೆ ನೋಡಿ. ಫೋನ್ ಬರುತ್ತೆ, ಹೋದರೆ ಕುರ್ಚಿ ಕೊಡುತ್ತಾರೆ, ನಾಲ್ಕು ಕೀ ಒತ್ತಿದರೆ ಮಂತ್ರವಾದಿಯನ್ನ ನೋಡೋ ಹಾಗೆ ನೋಡುತ್ತಾರೆ. ಏಳು ವರ್ಷ ನಾನು ಆ ಸುಖ ಉಂಡೆ. ಅದರ ಬಿಲ್ಲು ಕಟ್ಟಿದ್ದು ಎರಡು ಬಸ್ಸು ಹತ್ತಿ ಬಂದಿದ್ದ ಅಜ್ಜಿ.

ನನ್ನ ಮಾತಿಗೆ ಆಕ್ಷೇಪಗಳೂ ಇವೆ. ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗೆಳೆಯ ಹೇಳಿದ: "ಎಲ್ಲರಿಗೂ ಹೇಳಿಕೊಟ್ಟರೆ ಎಲ್ಲರೂ ಕೈ ಹಾಕ್ತಾರೆ, ಇದ್ದದ್ದೂ ಕೆಡುತ್ತೆ, ಆಮೇಲೆ ನಮ್ಮನ್ನೇ ಕರೀತಾರೆ." ಇದರಲ್ಲಿ ಸತ್ಯ ಇಲ್ಲ ಅನ್ನಲ್ಲ. ಆದರೆ ವಿಳಾಸ ತಿಳಿದಿರೋದು ಬೇರೆ, ಬೀಗದಕೈ ಕೊಡೋದು ಬೇರೆ. ರೌಟರಿನ ಪಾಸ್‌ವರ್ಡ್ ಸೆಕ್ರೆಟರಿಯ ಬೀರುವಿನಲ್ಲಿ ಲಕೋಟೆಯೊಳಗೆ ಇರಲಿ, ಗೋಡೆಯ ಮೇಲೆ ಬೇಡ. ಪ್ರಿಂಟರ್ ಎಲ್ಲಿದೆ, ಅದನ್ನ ಹೇಗೆ ಕೂಗೋದು ಅನ್ನೋದು ಮಾತ್ರ ಎಲ್ಲರಿಗೂ ಗೊತ್ತಿರಲಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಪ್ರಿಂಟರನ್ನ ನೆಟ್‌ವರ್ಕಿಗೆ ಹಾಕಿದರೆ ಅಪಾಯ ಅಲ್ಲವೇ? ಹೌದು, ಎಚ್ಚರ ತಪ್ಪಿದರೆ ಅಪಾಯವೇ. 2018ರ ನವೆಂಬರಿನಲ್ಲಿ ಒಬ್ಬ ಹ್ಯಾಕರ್, ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಸುಮಾರು 50 ಸಾವಿರ ಪ್ರಿಂಟರುಗಳಿಂದ ಒಬ್ಬ ಯೂಟ್ಯೂಬರಿನ ಪ್ರಚಾರದ ಚೀಟಿ ಹೊರಡಿಸಿದ್ದಾಗಿ ಹೇಳಿಕೊಂಡಿದ್ದ. ಅವನು ಒಳಹೊಕ್ಕಿದ್ದು ಮೇಲೆ ಹೇಳಿದ ಆ 9100ನೇ ಕೌಂಟರಿನಿಂದಲೇ. ಆದರೆ ಗಮನಿಸಿ, ಆ ಪ್ರಿಂಟರುಗಳು ಕೇರಿಯೊಳಗೆ ಇದ್ದದ್ದು ತಪ್ಪಲ್ಲ, ಹೆದ್ದಾರಿಗೆ ಬಾಗಿಲು ತೆರೆದಿಟ್ಟಿದ್ದು ತಪ್ಪು. ರೌಟರಿನಲ್ಲಿ 'ಪೋರ್ಟ್ ಫಾರ್ವರ್ಡಿಂಗ್' ಮಾಡಿ ಪ್ರಿಂಟರನ್ನ ಹೊರಗೆ ತೋರಿಸಬೇಡಿ. ಪ್ರಿಂಟರಿನ ವಿಳಾಸವನ್ನ ಬ್ರೌಸರಿನಲ್ಲಿ ಹಾಕಿದರೆ ತೆರೆಯುವ ಸೆಟ್ಟಿಂಗ್ ಪುಟಕ್ಕೆ ಕಂಪನಿಯ ಪಾಸ್‌ವರ್ಡ್ ಬಿಟ್ಟು ನಿಮ್ಮದೇ ಹಾಕಿ. ಗ್ರಾಹಕರಿಗೆ ಕೊಡುವ ವೈಫೈ ಬೇರೆ ಇರಲಿ. ಇಷ್ಟು ಮಾಡಿದರೆ, ಷೇರಿಂಗಿಗೋಸ್ಕರ ಅಪ್‌ಡೇಟ್ ಕಿತ್ತುಹಾಕಿದ ನನ್ನ ಹಳೆಯ ಸಾಹಸಕ್ಕಿಂತ ನೂರು ಪಾಲು ಮೇಲು.

ಖರ್ಚು? ಸಂಘದಲ್ಲಿ ಆಗಿದ್ದು ಒಂದಿಷ್ಟು ಕೇಬಲ್, ಒಂದು ಪುಟ್ಟ ಸ್ವಿಚ್, ಒಂದು ಮಧ್ಯಾಹ್ನ. ಪ್ರಿಂಟರಿನಲ್ಲಿ ಕಿಂಡಿ ಇಲ್ಲದಿದ್ದರೆ 'ಪ್ರಿಂಟ್ ಸರ್ವರ್' ಅನ್ನುವ ಡಬ್ಬಿ ಸಿಗುತ್ತೆ, ಯುಎಸ್‌ಬಿ ಪ್ರಿಂಟರನ್ನೂ ನೆಟ್‌ವರ್ಕಿಗೆ ಸೇರಿಸುತ್ತೆ. ಕೊಳ್ಳುವ ಮುಂಚೆ ನಿಮ್ಮ ಮಾಡೆಲ್ಲಿಗೆ ಆಗುತ್ತಾ ಅಂತ ಕೇಳಿ. ಹೊಸದಾಗಿ ಪ್ರಿಂಟರ್ ಕೊಳ್ಳುವವರು ಮಾತ್ರ ಹಿಂದುಗಡೆ ಆ ಕಿಂಡಿ ಇರುವುದನ್ನೇ ಕೊಳ್ಳಿ. ನನ್ನ ಹಾಗೆ ಸ್ಟಿಕ್ಕರ್ ಕೀಳದೆ ಏಳು ವರ್ಷ ಕೂರಬೇಡಿ.

ಕೊನೆಗೆ ಪ್ರಿಂಟರಿನ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿದೆ. ಅದರಲ್ಲಿ ನಾಲ್ಕೇ ಸಾಲು. ಪ್ರಿಂಟರಿನ ಐಪಿ ವಿಳಾಸ. ರೌಟರ್ ಎಲ್ಲಿದೆ. ಪ್ರಿಂಟ್ ಬರದಿದ್ದರೆ ಮೊದಲು ಪಿಂಗ್ ಮಾಡಿ, 169.254 ಕಂಡರೆ ಕೇಬಲ್ ನೋಡಿ. ಏನೂ ಆಗದಿದ್ದರೆ ಬೀರುವಿನಲ್ಲಿ ಯುಎಸ್‌ಬಿ ಕೇಬಲ್ ಇದೆ, ಹಾಕಿಕೊಳ್ಳಿ. 'ಮುಟ್ಟಬೇಡಿ' ಅನ್ನುವ ಸಾಲು ಇಲ್ಲ.

ಕಳೆದ ಮಳೆಗಾಲದಲ್ಲಿ ಒಂದು ದಿನ ಸಂಘದಿಂದ ಫೋನ್ ಬಂತು. ಅದೇ ಡೇಟಾ ಎಂಟ್ರಿ ಹುಡುಗಿ. ರಾತ್ರಿ ಕರೆಂಟು ಹೋಗಿ ಬಂದಿತ್ತಂತೆ, ಬೆಳಿಗ್ಗೆ ಪ್ರಿಂಟ್ ಬರಲಿಲ್ಲವಂತೆ. ಸರಿ, ಬರ್ತೀನಿ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವಳೇ ಶುರುಮಾಡಿದಳು. ಪಿಂಗ್ ಮಾಡಿದೆ, ಉತ್ತರ ಇಲ್ಲ. ನೆಟ್‌ವರ್ಕ್ ಪುಟ ತೆಗೆದೆ, 169.254 ಇತ್ತು. ಪ್ರಿಂಟರಿನ ಮೂಲೆಯ ಸ್ವಿಚ್ಚಿನಿಂದ ರೌಟರಿಗೆ ಹೋಗೋ ಕೇಬಲ್ ಹಿಡಿದುಕೊಂಡು ಹೋದೆ, ಮಧ್ಯದಲ್ಲಿ ಇಲಿ ಕಡಿದಿದೆ. ಸದ್ಯಕ್ಕೆ ಬೀರುವಿನ ಕೇಬಲ್ಲು ನನ್ನ ಕಂಪ್ಯೂಟರಿಗೆ ಹಾಕಿಕೊಂಡಿದ್ದೀನಿ, ಬಂದವರಿಗೆಲ್ಲ ಪತ್ರ ಕೊಟ್ಟಾಯ್ತು. "ನೀವು ಗಡಿಬಿಡಿಯಲ್ಲಿ ಬರೋದೇನೂ ಬೇಡ ಸಾರ್. ಪೇಟೆ ಕಡೆ ಹೋದಾಗ ಒಂದು ಹದಿನೈದು ಮೀಟರ್ ಕೇಬಲ್ ತನ್ನಿ ಸಾಕು."

ಫೋನಿಟ್ಟ ಮೇಲೆ ಸಂತೋಷ ಆಯ್ತು. ಒಂಚೂರು ಬೇಜಾರೂ ಆಯ್ತು, ಸುಳ್ಳು ಯಾಕೆ ಹೇಳಲಿ. ಆ ಕುರ್ಚಿ, ಆ ಕಾಫಿ ಇನ್ನು ಮೊದಲಿನಷ್ಟು ಸಿಗಲ್ಲ. ಸಿಗದಿದ್ದರೇ ಒಳ್ಳೇದು.

ನಿಮ್ಮ ಆಫೀಸಿನ ಪ್ರಿಂಟರ್ ಯಾರ ಕಂಪ್ಯೂಟರಿನ ಬಾಲಕ್ಕೆ ಕಟ್ಟಿದೆ? ನಾಳೆ ಅವರು ರಜೆ ಹಾಕಿದರೆ? ಒಮ್ಮೆ ಎದ್ದು ಹೋಗಿ ಅದರ ಬೆನ್ನು ನೋಡಿ ಬನ್ನಿ. ಸ್ಟಿಕ್ಕರ್ ಇನ್ನೂ ಹಾಗೇ ಇದ್ದರೆ ಇವತ್ತೇ ಕಿತ್ತುಬಿಡಿ.